ಒಂಬತ್ತು ಕಂಪ್ಯೂಟರಿಗೂ ಒಂದೇ ತಂತ್ರಾಂಶ ಬೇಕೆ?

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಹಾರ್ಡ್‌ವೇರ್ ಸಗಟು ವ್ಯಾಪಾರ. ಕಚೇರಿಯ ಒಂಬತ್ತು ಕಂಪ್ಯೂಟರುಗಳಲ್ಲೂ ಆಫೀಸ್ 2016 ಇದೆ. ಬಿಲ್ಲಿಂಗ್ ಟ್ಯಾಲಿಯಲ್ಲಿ ನಡೆಯುತ್ತದೆ. ಕೊಟೇಷನ್, ಪತ್ರವ್ಯವಹಾರ, ದಾಸ್ತಾನು ಪಟ್ಟಿಗಳಿಗೆ ವರ್ಡ್ ಮತ್ತು ಎಕ್ಸೆಲ್ ಬಳಸುತ್ತೇವೆ. ಹಳೆಯ ಕನ್ನಡ ಪತ್ರಗಳೆಲ್ಲ ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದಲ್ಲಿವೆ. ಕಂಪ್ಯೂಟರ್ ಮಾರಾಟಗಾರರು ಒಂಬತ್ತಕ್ಕೂ ಮೈಕ್ರೋಸಾಫ್ಟ್ 365ರ ವಾರ್ಷಿಕ ಚಂದಾ ಕಟ್ಟಲು ಹೇಳುತ್ತಾರೆ. ಲಿಬ್ರೆ ಆಫೀಸ್ ಉಚಿತವಾಗಿರುವಾಗ ಹಣವೇಕೆ ಎನ್ನುತ್ತಾನೆ ಮಗ. ಯಾವುದು ಸೂಕ್ತ?
– ಓದುಗರು, ದಾವಣಗೆರೆ

ಉತ್ತರ: ಆಫೀಸ್ 2016ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಬದಲಾಯಿಸಬೇಕೆಂಬ ಮಟ್ಟಿಗೆ ಮಾರಾಟಗಾರರ ಸಲಹೆ ಸರಿಯಾಗಿಯೇ ಇದೆ. ಒಂಬತ್ತಕ್ಕೂ ಅದೇ ಬೇಕೆನ್ನುವುದು ಮಾತ್ರ ಅವರ ವ್ಯಾಪಾರದ ಮಾತು. ಯಾವ ಮೇಜಿನಲ್ಲಿ ಯಾವ ಬಗೆಯ ಫೈಲುಗಳನ್ನು ತೆರೆಯುತ್ತಾರೆ ಎಂಬುದನ್ನು ಒಂದು ವಾರ ಬರೆದಿಟ್ಟು ನೋಡಿ.

ಲೆಕ್ಕಪತ್ರದ ಮೇಜಿಗೆ ಎಕ್ಸೆಲ್ ಬೇಕಾಗಬಹುದು. ವಾರ್ಷಿಕ ರಿಟರ್ನ್ ಜಿಎಸ್‌ಟಿಆರ್-9ಕ್ಕಾಗಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗುವ ಆಫ್‌ಲೈನ್ ಫೈಲ್ ಮ್ಯಾಕ್ರೊಗಳಿಂದ, ಅಂದರೆ ಫೈಲಿನೊಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಮುಗಳಿಂದ, ನಡೆಯುವ ಎಕ್ಸೆಲ್ ಹಾಳೆ. ಆ ಮ್ಯಾಕ್ರೊಗಳು ಗೂಗಲ್ ಶೀಟ್ಸ್‌ನಲ್ಲಿ ನಡೆಯುವುದೇ ಇಲ್ಲ, ಲಿಬ್ರೆ ಆಫೀಸಿನಲ್ಲಿ ಪೂರ್ತಿ ನಡೆಯುವ ಭರವಸೆಯಿಲ್ಲ. ಆ ಕೆಲಸವನ್ನು ನಿಮ್ಮ ಆಡಿಟರೇ ಮಾಡುತ್ತಿದ್ದರೆ ಆ ಖರ್ಚೂ ಉಳಿಯಿತು.

ಕೊಟೇಷನ್ ಮತ್ತು ಪತ್ರಗಳಿಗೆ ಲಿಬ್ರೆ ಆಫೀಸ್ ಧಾರಾಳವಾಗಿ ಸಾಕು. ವ್ಯಾಪಾರಕ್ಕೆ ಬಳಸಲು ಅಡ್ಡಿಯಿಲ್ಲ, ಎಷ್ಟು ಕಂಪ್ಯೂಟರುಗಳಿಗೆ ಹಾಕಿಕೊಂಡರೂ ಶುಲ್ಕವಿಲ್ಲ. ಅದು ತನ್ನದೇ ಮಾದರಿಯಲ್ಲಿ ಫೈಲ್ ಉಳಿಸುತ್ತದೆಯಾದ್ದರಿಂದ, ವರ್ಡ್ ಮತ್ತು ಎಕ್ಸೆಲ್ ಮಾದರಿಯಲ್ಲೇ ಉಳಿಸುವಂತೆ ಮೊದಲ ದಿನವೇ ಸೆಟ್ಟಿಂಗ್ ಬದಲಿಸಿ. ಗಿರಾಕಿಗಳಿಗೆ ಪಿಡಿಎಫ್ ಕಳುಹಿಸಿದರೆ ಸಾಲುಗಳು ಸ್ಥಾನಪಲ್ಲಟವಾಗುವ ಚಿಂತೆಯಿರದು.

ದಾಸ್ತಾನು ಪಟ್ಟಿಯನ್ನು ಗೋದಾಮಿನವರೂ ಅಂಗಡಿಯವರೂ ಏಕಕಾಲದಲ್ಲಿ ತಿದ್ದಬೇಕಿದ್ದರೆ ಗೂಗಲ್ ಶೀಟ್ಸ್ ಅನುಕೂಲ. ಆದರೆ ಆ ಪಟ್ಟಿ ಗುಮಾಸ್ತರೊಬ್ಬರ ಸ್ವಂತ ಜಿಮೇಲ್ ಖಾತೆಯಲ್ಲಿದ್ದರೆ, ಅವರು ಕೆಲಸ ಬಿಡುವ ದಿನ ಅದನ್ನು ಅವರಿಂದ ಕೇಳಿ ಪಡೆಯಬೇಕಾಗುತ್ತದೆ. ಅದು ಸಂಸ್ಥೆಯ ಹೆಸರಿನ ಖಾತೆಯಲ್ಲೇ ಇರಲಿ.

ಇನ್ನು ನಿಮ್ಮ ನುಡಿ ಪತ್ರಗಳು. ಮಾರಾಟಗಾರರಾಗಲಿ ಮಗನಾಗಲಿ ಇದರ ಮಾತೆತ್ತಿಲ್ಲ. ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಇಲ್ಲೇ ಇದೆ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟ್ ಹಾಕಿದ ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸ್ ಅದನ್ನು ತೋರಿಸೀತು. ಗೂಗಲ್ ಡಾಕ್ಸ್‌ಗೆ ನಮ್ಮ ಫಾಂಟ್ ಸೇರಿಸಲು ಬರುವುದಿಲ್ಲವಾದ್ದರಿಂದ ಅಲ್ಲಿ ಪತ್ರವೆಲ್ಲ ಕಲಸುಮೇಲೋಗರವಾಗುತ್ತದೆ. ಮತ್ತೆ ಮತ್ತೆ ಬೇಕಾಗುವ ಪತ್ರಗಳನ್ನಷ್ಟೇ ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ, ಮೂಲಪ್ರತಿಯನ್ನು ಅಳಿಸಬೇಡಿ. ಪರಿವರ್ತಕವು ನಡುವೆ ಇಂಗ್ಲಿಷಿನಲ್ಲಿರುವ ಸರಕಿನ ಹೆಸರನ್ನೂ ಜಿಎಸ್‌ಟಿ ಸಂಖ್ಯೆಯನ್ನೂ ಕನ್ನಡವೆಂದೇ ತಿಳಿದು ಕೆಡಿಸಬಹುದು. ಒತ್ತಕ್ಷರ ಹಾಗೂ ಅರ್ಕಾವತ್ತುಗಳ ಜೊತೆಗೆ ಅವನ್ನೂ ಕಣ್ಣಿಟ್ಟು ಓದಿ.

ಹೊಸ ತಂತ್ರಾಂಶವನ್ನು ಮೊದಲು ಒಂದೇ ಕಂಪ್ಯೂಟರಿನಲ್ಲಿ ಒಂದು ತಿಂಗಳು ನಡೆಸಿ ನೋಡಿ. ಅದು ಮಾರ್ಚ್ ತಿಂಗಳಾಗದಿರಲಿ. ವರ್ಷಾಂತ್ಯದ ಲೆಕ್ಕ ಮುಗಿಸುವ ಅವಸರದಲ್ಲಿ ನಿಮ್ಮ ಗುಮಾಸ್ತರಿಗೆ ಹೊಸ ಮೆನು ಹುಡುಕುವ ತಾಳ್ಮೆಯಿರುವುದಿಲ್ಲ.