ಎರಡನೇ ಕ್ಲಾಸಿನ ಮಗುವಿಗೆ ಮನೆಯಲ್ಲಿ ಏನು ಮಾಡಿಸಲಿ? ಮೊದಲು ಕಾಪಿ ಬರೆಸುವುದು ನಿಲ್ಲಿಸಿ

ನಿಮ್ಮ ಮಗಳು ಎರಡನೇ ಕ್ಲಾಸು, ಕನ್ನಡ ಮೀಡಿಯಂ. ಮನೆಯಲ್ಲಿ ತುಳು. ಓದು, ಬರಹ, ಲೆಕ್ಕ ಮೂರರಲ್ಲೂ ಹಿಂದೆ. ಸಂಜೆ ಎರಡು ಗಂಟೆ ಕೂರಿಸಿ ಮಾಡಿಸಲು ಯಾವ ವರ್ಕ್‌ಶೀಟ್ ಒಳ್ಳೆಯದು, ತುಳು ಬಿಟ್ಟು ಮನೆಯಲ್ಲೂ ಕನ್ನಡವೇ ಮಾತಾಡಬೇಕಾ ಅಂತ ಕೇಳಿದ್ದೀರಿ. ನಾವಿಬ್ಬರೂ ಕೇರಳದ ಕಾಸರಗೋಡು ಜಿಲ್ಲೆಯವರು; ನೀವು ಮಂಜೇಶ್ವರ ಅಂತ ಬರೆದ ಕಡೆ ಬದಿಯಡ್ಕ ಅಂತ ಹಾಕಿದರೆ ಇದು ಒಂದು ಕಾಲದ ನನ್ನದೇ ಪ್ರಶ್ನೆ. ವರ್ಕ್‌ಶೀಟ್ ಬೇಡ. ಎರಡು ಗಂಟೆಯಂತೂ ಬೇಡವೇ ಬೇಡ.

ನನ್ನ ಮಗಳ ಅಕ್ಷರ ಅಷ್ಟು ಚಂದ ಇತ್ತು, ಟೀಚರು ಅವಳ ಪುಸ್ತಕ ಎತ್ತಿ ಬೇರೆ ಮಕ್ಕಳಿಗೆ ತೋರಿಸುತ್ತಿದ್ದರು. ಶಾಲೆಯಿಂದ ಬಂದು ಚಾ ಕುಡಿದ ಕೂಡಲೇ ಪಾಠ ತೆಗೆಸಿ ಕಾಪಿ ಬರೆಸುತ್ತಿದ್ದೆ. ಒಂದು ಪುಟ ಮುಗಿದರೆ ಇನ್ನೊಂದು. ಅವಳು ಬರೆದು ಮುಗಿಸುವಾಗ ನನ್ನ ಅಡಿಗೆಯೂ ಮುಗಿಯುತ್ತಿತ್ತು, ಅದೊಂದು ಲಾಭ. ಓದು ಅಂದರೆ ಗಡಗಡ ಓದುತ್ತಿದ್ದಳು ಕೂಡ. ಇನ್ನೇನು ಬೇಕು?

ಮೂರನೇ ಕ್ಲಾಸಿನಲ್ಲಿರುವಾಗ ಊರಲ್ಲಿ ಒಂದು ಹರಕೆಯ ಬಯಲಾಟ. ನೋಟೀಸು ಮನೆಗೆ ಬಂತು. ನಮ್ಮ ಅತ್ತೆಗೆ ಓದು ಬರುವುದಿಲ್ಲ, ಆಟದ ಹುಚ್ಚು ಮಾತ್ರ ವಿಪರೀತ. "ಇನಿ ಒವು ಪ್ರಸಂಗ?" (ಇವತ್ತು ಯಾವ ಪ್ರಸಂಗ?) ಅಂತ ಮೊಮ್ಮಗಳ ಕೈಗೆ ನೋಟೀಸು ಕೊಟ್ಟರು. ಇವಳು ಬೆರಳಿಟ್ಟು 'ಯಕ್ಷಗಾನ ಬಯಲಾಟ' ಅಂತ ಗಂಭೀರವಾಗಿ ಓದಿ, "ದೇವಿಯ ಕಥೆ ಅಜ್ಜಿ" ಅಂದಳು. ಅತ್ತೆ ಮಂಡಿಗೆ ಎಣ್ಣೆ ಉಜ್ಜಿಕೊಂಡು ನಡೆದೇ ಹೋದರು. ರಂಗಸ್ಥಳದಲ್ಲಿ ಅಭಿಮನ್ಯು! ನೋಟೀಸಿನಲ್ಲೂ ದಪ್ಪ ಅಕ್ಷರದಲ್ಲಿ ಅದೇ ಇತ್ತು. ನಮ್ಮ ಕಡೆ ಹರಕೆಯ ಆಟ ಅಂದರೆ ಹೆಚ್ಚಾಗಿ ದೇವಿಯ ಕಥೆಯೇ ಅಲ್ಲವಾ, ಹುಡುಗಿ ಅಂದಾಜು ಹೊಡೆದಿದ್ದಳು.

ಮರುದಿನ ಅವಳ ಪಾಠದ್ದೇ ಒಂದು ವಾಕ್ಯದ ಪದಗಳನ್ನು ಹಿಂದೆಮುಂದೆ ಮಾಡಿ ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ. ಚಿತ್ರ ಇಲ್ಲ, ಗುರುತಿನ ಮೊದಲ ಸಾಲು ಇಲ್ಲ. ಒಂದು ಪದವೂ ಸರಿಯಾಗಿ ಬರಲಿಲ್ಲ.

ಕಾಪಿ ಬರೆಯುವಾಗ ಏನಾಗುತ್ತದೆ ಅಂತ ಬಿಡಿಸಿಯೇ ಹೇಳುತ್ತೇನೆ, ನನಗೆ ಯಾರೂ ಹೇಳಿರಲಿಲ್ಲ. ಕಣ್ಣು ಆಕಾರ ನೋಡುತ್ತದೆ, ಕೈ ಆಕಾರ ಬರೆಯುತ್ತದೆ. ನಡುವೆ ಸದ್ದು ಬರಬೇಕು ಅಂತೇನೂ ಇಲ್ಲ. ಮಲಯಾಳದ ಒಂದಕ್ಷರ ಬಾರದ ಕಾಲದಲ್ಲೂ ಬಸ್ಸಿನ ಬೋರ್ಡು ನೋಡಿ ನಾನು ಹಾಗೆಯೇ ಬರೆದು ತೋರಿಸಬಲ್ಲವಳಾಗಿದ್ದೆ. ಅದನ್ನು ಬರಹ ಅನ್ನಲು ಆಗುತ್ತದಾ? ಇವಳೂ 'ಅಕ್ಕ' ಬರೆಯುವಾಗ ಕ ಅಕ್ಷರದ ಕೆಳಗೆ ಏನೋ ಒಂದು ಗೀರು ಇದೆ ಅಂತ ಅದನ್ನೂ ಎಳೆಯುತ್ತಿದ್ದಳು. ಆ ಗೀರಿಗೆ ಬಾಯಲ್ಲೂ ಒಂದು ಕೆಲಸ ಇದೆ ಅಂತ ತಿಳಿದಿರಲಿಲ್ಲ. ಪುಸ್ತಕ ಎದುರಿಗೇ ಇರುವುದರಿಂದ ತಪ್ಪೂ ಆಗುವುದಿಲ್ಲ, ತಪ್ಪಾಗದೆ ನನಗೆ ಗೊತ್ತಾಗುವುದಾದರೂ ಹೇಗೆ? ಇನ್ನು ಆ ಗಡಗಡ ಓದು: ಮೊದಲು ನಾನೇ ಓದಿ ಹೇಳುತ್ತಿದ್ದೆ, ಅವಳು ಕೇಳಿ ಬಾಯಿಪಾಠ ಮಾಡಿ, ಚಿತ್ರ ನೋಡಿ ಪುಟದ ಗುರುತು ಹಿಡಿದು ಒಪ್ಪಿಸುತ್ತಿದ್ದಳು. ಸಾಲಿನ ನಡುವೆ ಬೆರಳಿಟ್ಟು 'ಇದು ಯಾವ ಪದ' ಅಂತ ಒಂದೇ ಒಂದು ಸಲ ಕೇಳಿದ್ದರೂ ಸಾಕಿತ್ತು. ಕೇಳಲಿಲ್ಲ. ಪುಟ ತುಂಬಿದೆಯಾ, ಅಕ್ಷರ ಗೆರೆಯ ಮೇಲೆ ಕೂತಿದೆಯಾ ಅಂತ ಮಾತ್ರ ನೋಡಿದೆ.

ಪೆಟ್ಟು ಲೆಕ್ಕಕ್ಕೂ ಬಿತ್ತು. ಕೂಡಿಸಲು, ಕಳೆಯಲು ಚೆನ್ನಾಗಿ ಬರುತ್ತಿತ್ತು. ಆದರೆ ವಾಕ್ಯದಲ್ಲಿ ಕೊಟ್ಟ ಲೆಕ್ಕ ಬಂದರೆ ಪೂರ್ತಿ ಓದದೆ 'ಒಟ್ಟು' ಕಂಡರೆ ಕೂಡುವುದು, 'ಉಳಿದ' ಕಂಡರೆ ಕಳೆಯುವುದು. 'ಒಟ್ಟು 60 ತೆಂಗಿನಕಾಯಿಯಲ್ಲಿ 24 ಮಾರಿದರೆ ಎಷ್ಟಿದೆ' ಅಂದರೆ 84. ಮಾರಿದ ಮೇಲೆ ಕಾಯಿ ಹೆಚ್ಚಾಗುವ ತೋಟ ನಮ್ಮದು! ನಾಲ್ಕನೇ ಕ್ಲಾಸಿನ ಎಲ್‌ಎಸ್‌ಎಸ್ ಸ್ಕಾಲರ್‌ಶಿಪ್ ಪರೀಕ್ಷೆ ಹಾಗೇ ಕೈತಪ್ಪಿತು. ಲೆಕ್ಕದಲ್ಲಿ ಹಿಂದೆ ಅಂತ ಗೈಡು ತಂದು ಇನ್ನಷ್ಟು ಲೆಕ್ಕ ಮಾಡಿಸಿದೆವು. ನಿಮ್ಮ ಮಗಳು ನಿಜವಾಗಿ 'ಮೂರರಲ್ಲೂ' ಹಿಂದೆಯಾ ಅಂತ ನನಗೆ ಸಂಶಯ. ಓದೊಂದೇ ಮೂರು ಕಡೆ ಕಾಣಿಸುತ್ತಿರಬಹುದು.

ಗಡಿಯಾಚೆ ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಮಗು ರಸ್ತೆಯಲ್ಲಿ ನಡೆದರೆ ಅಂಗಡಿಯ ಬೋರ್ಡಾದರೂ ಓದಲು ಸಿಗುತ್ತದೆ. 1956ರಲ್ಲಿ ಕೇರಳಕ್ಕೆ ಸೇರಿದ ನಮ್ಮಲ್ಲಿ ಬಸ್ಸು, ರೇಷನ್ ಕಾರ್ಡು, ಆಫೀಸಿನ ಕಾಗದ ಎಲ್ಲ ಹೆಚ್ಚಾಗಿ ಮಲಯಾಳ. ನಮ್ಮ ಮಕ್ಕಳಿಗೆ ಕನ್ನಡ ಅಂದರೆ ಪಾಠಪುಸ್ತಕ, ಅದು ಬಾಯಿಪಾಠ ಆಯಿತೆಂದರೆ ಓದಲಿಕ್ಕೆ ಬೇರೇನೂ ಇಲ್ಲ. ಹಾಗಾಗಿ ಆಟದ ನೋಟೀಸು, ಮದುವೆ ಕಾಗದ, ಪೇಪರಿನ ತಲೆಬರಹ ಏನೂ ಬಿಸಾಡಬೇಡಿ. ನನ್ನ ಮಗಳ ಅಪ್ಪ ಗಲ್ಫಿನಲ್ಲಿ. ದಿನಾ ರಾತ್ರಿ ಎರಡು ಸಾಲು ಕೈಯಲ್ಲಿ ಬರೆದು ಫೋಟೋ ಕಳಿಸಿ ಅಂದೆ. ಅವರ ಅಕ್ಷರ ನನಗೇ ಅರ್ಥವಾಗುವುದಿಲ್ಲ, ಆದರೂ ಇವಳು ಹಟ ಹಿಡಿದು ಓದುತ್ತಿದ್ದಳು. ಮುಂದಿನ ಸಾಲು ಏನಿರುತ್ತದೆ ಅಂತ ಮೊದಲೇ ಗೊತ್ತಿರುತ್ತಿರಲಿಲ್ಲವಲ್ಲ.

ಅಕ್ಷರವೇ ಗಟ್ಟಿಯಿಲ್ಲದಿದ್ದರೆ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಆಟ-ಚಟುವಟಿಕೆಯಿಂದ ಕಲಿಸುವ ನಲಿ-ಕಲಿಯವರ ದಾರಿ ಒಳ್ಳೆಯದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದದ್ದು. ಅ ಆ ಇ ಈ ಸಾಲಿಗೆ ಕಾಯದೆ ರ, ಗ, ಸ, ದ, ಅ ಮೊದಲು ಕಲಿಸುತ್ತಾರೆ. ಇವಿಷ್ಟರಲ್ಲೇ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಹುಟ್ಟುತ್ತವೆ. ಹಳೆಯ ಕ್ಯಾಲೆಂಡರಿನ ಹಿಂದೆ ಅಕ್ಷರ ಬರೆದು ಕತ್ತರಿಸಿ ಕೊಡಿ, ಜೋಡಿಸಲಿ. ಅರ್ಥವಿಲ್ಲದ ಪದ ಬಂದರೂ ಓದಲಿ. ಅಂದಾಜು ಹೊಡೆಯಲು ಆಗದ ಪದ ಅದೊಂದೇ.

ಒತ್ತಕ್ಷರಕ್ಕೆ ಅಡಿಗೆಮನೆಯಷ್ಟು ಒಳ್ಳೆಯ ಜಾಗ ಇಲ್ಲ. ಅಂಗಡಿಯ ಚೀಟಿ ಬರೆಯುವ ಕೆಲಸ ನನ್ನ ಮಗಳಿಗೆ ವಹಿಸಿದೆ, ಎದುರಿಗೆ ಪುಸ್ತಕ ಇಲ್ಲದೆ. ಮೊದಲ ಚೀಟಿ: ಅಕಿ, ಬೆಲ, ಉಪು, ಎಣೆ. ನೋಡಿ, ಇಷ್ಟು ಕಾಲ ಅಡಗಿದ್ದ ರೋಗ ಒಂದೇ ಚೀಟಿಯಲ್ಲಿ ಹೊರಗೆ ಬಂತು. ಕೆಂಪು ಗೆರೆ ಹಾಕಲಿಲ್ಲ. ಅವಳು ಬರೆದ ಹಾಗೆಯೇ ಜೋರಾಗಿ ಓದಿದೆ, ಅವಳೇ ನಕ್ಕು ತಿದ್ದಿದಳು. ಸಕ್ಕರೆ, ಬೆಳ್ಳುಳ್ಳಿ, ಮಜ್ಜಿಗೆ ಅಂತ ಒಂದೇ ಅಕ್ಷರದ ಒತ್ತು ಅಡಿಗೆಮನೆಯಲ್ಲಿ ಧಾರಾಳ. ಬೇರೆ ಅಕ್ಷರದ ಒತ್ತು ಕಡಿಮೆ, ಬೆಳ್ತಿಗೆ ಅಕ್ಕಿ ಒಂದು ಸಿಕ್ಕಿತು. ಅದಕ್ಕೆ ಪೇಪರು ಬೇಕು.

ಲೆಕ್ಕದ ಟೀಚರು ನಮ್ಮ ಅತ್ತೆ. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಒಂದು ಕಟ್ಟಿಗೆ 25 ಬೀಡಿ, ನಾಲ್ಕು ಕಟ್ಟಿಗೆ ನೂರು, 40 ಕಟ್ಟಿಗೆ ಸಾವಿರ, ಮಜೂರಿ ಸಾವಿರದ ಲೆಕ್ಕದಲ್ಲಿ. 'ಏಳು ಕಟ್ಟು ಆಯಿತು, ಮುನ್ನೂರಕ್ಕೆ ಇನ್ನೆಷ್ಟು' ಅಂತ ಬಾಯಲ್ಲೇ ಕೇಳುತ್ತಿದ್ದರು, 25ರ ಮಗ್ಗಿ ಮಗಳಿಗೆ ಬಂದದ್ದು ಹಾಗೆ. ನಿಮ್ಮ ಮಗಳು ಚಿಕ್ಕವಳು, ಬೀಡಿ ಬೇಡ, ಹಿಡಿಸೂಡಿ (ಪೊರಕೆ) ಕಡ್ಡಿ ಸಾಕು. ಹತ್ತು ಹತ್ತು ಕಡ್ಡಿ ಬಾಳೆನಾರಿನಲ್ಲಿ ಕಟ್ಟಿಡಿ. 43ರಲ್ಲಿ 17 ಕಳೆ ಅಂದರೆ ಬಿಡಿ ಕಡ್ಡಿ ಮೂರೇ ಇದೆ, ಒಂದು ಕಟ್ಟು ಬಿಚ್ಚಲೇಬೇಕು. 'ಪಕ್ಕದಿಂದ ಸಾಲ' ಅಂತ ಮಂತ್ರ ಹೇಳಿಕೊಡಬೇಡಿ, ಅವಳೇ ಬಿಚ್ಚಲಿ. ಮಳೆಗಾಲದ ಆಟಿ ತಿಂಗಳಲ್ಲಿ ಚೆನ್ನೆಮಣೆ ಇಳಿಸಿ, ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗುವ ಆಟದ ಹಲಗೆ ಅದು: 14 ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ಇಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಅಂತ ಮೊದಲು ಹೇಳಿಸಿ, ಮತ್ತೆ ಆಡಿಸಿ.

ತುಳು ಬಿಡುವ ಮಾತು ಬೇಡ ಮಾರಾಯ್ರೆ. ಅತ್ತೆ ಲೆಕ್ಕ ಕಲಿಸಿದ್ದು ತುಳುವಿನಲ್ಲಿ. ಕಥೆ ತುಳುವಿನಲ್ಲೇ ಹೇಳಲಿ, ನೀವು ಅದರಲ್ಲಿ ಎರಡು ವಾಕ್ಯ ಕನ್ನಡದಲ್ಲಿ ಬರೆದು ಓದಲು ಕೊಡಿ. ಮನೆಯವರೆಲ್ಲ ಪುಸ್ತಕದ ಕನ್ನಡ ಮಾತಾಡಲು ಶುರುಮಾಡಿದರೆ ಮಗು ಮಾತೇ ಕಡಿಮೆ ಮಾಡುತ್ತದೆ, ಒಂದು ಮಳೆಗಾಲ ನಾವು ಆ ಪ್ರಯೋಗವನ್ನೂ ಮಾಡಿದ್ದೆವು.

ಟೈಮು ಕಾಲು ಗಂಟೆ ಸಾಕು, ಚೀಟಿ ಮತ್ತು ಆಟ ಅದರಲ್ಲಿ ಸೇರುವುದಿಲ್ಲ. ಇವತ್ತೇ ಪದ ಹಿಂದೆಮುಂದೆ ಮಾಡಿದ ಹಾಳೆ ಒಂದು ಕೊಟ್ಟು ನೋಡಿ. ಒತ್ತಕ್ಷರದಲ್ಲಿ ಮಾತ್ರ ಎಡವಿದರೆ ಚೀಟಿಯಿಂದ ಶುರುಮಾಡಿ, ಬಿಡಿ ಅಕ್ಷರದಲ್ಲೇ ಎಡವಿದರೆ ಆ ಐದು ಅಕ್ಷರಗಳಿಂದ. ಹಾಳೆಯನ್ನು ಮುಖದ ಹತ್ತಿರ ತಂದು ನೋಡುತ್ತಾಳೆ ಅಂತಾದರೆ ಎಲ್ಲಕ್ಕಿಂತ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ.