ಊಟದ ಟೇಬಲ್ಲಿಗೆ ರೋಬೆಸ್ಪಿಯರ್ ಬಂದಾಗ

ಪ್ಯಾರಿಸ್‌ಗೆ ಸ್ವಾಗತ. ಆಫೀಸಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂತರೆ ಸಾಕು, ಫ್ರೆಂಚ್ ಕ್ರಾಂತಿಯ ನಾಯಕರಾದ ರೋಬೆಸ್ಪಿಯರ್, ಡಾಂಟನ್ ಬಗ್ಗೆ ಎಲ್ಲರೂ ವಾದಕ್ಕಿಳಿಯುತ್ತಾರೆ, ನಾನು ಸುಮ್ನೆ ಕೂತಿರುತ್ತೇನೆ, ಏನು ಓದಲಿ ಅಂತ ಕೇಳಿದ್ದೀರಿ. ಬಾಡಿಗೆ ಮನೆ, ವೀಸಾ ಬಗ್ಗೆ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ಇದನ್ನು ಕೇಳುವವರು ಕಡಿಮೆ, ಅದಕ್ಕೇ ಖುಷಿಯಾಯಿತು.

ಮೊದಲಿಗೆ, ಅವರು ಜಗಳ ಆಡುತ್ತಿಲ್ಲ. ಇಲ್ಲಿ ಜೋರಾಗಿ ವಾದ ಮಾಡುವುದು ಸ್ನೇಹದಲ್ಲೇ ಸೇರಿದ್ದು. ಆದರೆ ಈ ಇಬ್ಬರ ವಿಷಯದಲ್ಲಿ ಬಿಸಿ ಸ್ವಲ್ಪ ಜಾಸ್ತಿ, ಅದಕ್ಕೆ ಕಾರಣವೂ ಇದೆ. ಡಾಂಟನ್‌ಗೆ ಓದೆಯೋನ್ ಮೆಟ್ರೋ ಹತ್ತಿರ 1891ರ ದೊಡ್ಡ ಪ್ರತಿಮೆ ಇದೆ. ರೋಬೆಸ್ಪಿಯರ್ ಹೆಸರಿನ ಒಂದು ರಸ್ತೆಯೂ ಪ್ಯಾರಿಸ್ ನಗರದೊಳಗಿಲ್ಲ. ಅವನ ಹೆಸರಿನ ಮೆಟ್ರೋ ಸ್ಟೇಷನ್ ಇರುವುದು ನಗರದ ಗಡಿಯಾಚೆ, ಮೋಂತ್ರೆಯಲ್ಲಿ. ಇಬ್ಬರ ತಲೆ ಹೋದದ್ದೂ 1794ರಲ್ಲೇ, ಏಪ್ರಿಲ್‌ನಲ್ಲಿ ಡಾಂಟನ್, ಜುಲೈನಲ್ಲಿ ರೋಬೆಸ್ಪಿಯರ್. ಆಮೇಲೆ ಇತಿಹಾಸಕಾರರೂ ಎರಡು ಪಾಳಯವಾದರು. ಓಲಾರ್ ಡಾಂಟನ್ ಪರ ನಿಂತರು, ಅವರ ಶಿಷ್ಯ ಮಾತಿಯೇ ಗುರುವಿಗೆ ತಿರುಗಿಬಿದ್ದು ರೋಬೆಸ್ಪಿಯರ್ ಪರ ನಿಂತರು. ನಿಮ್ಮ ಟೇಬಲ್ಲಿನಲ್ಲಿ ನಡೆಯುತ್ತಿರುವುದು ಹೆಚ್ಚುಕಡಿಮೆ ಅದೇ ವಾದ.

ಹೊರಗಿನಿಂದ ಬಂದ ನಮಗೆ ನಾನು ಹೇಳುವ ಹೆಸರು ನಾರ್ಮನ್ ಹ್ಯಾಂಪ್ಸನ್. ಇಂಗ್ಲಿಷ್ ಇತಿಹಾಸಕಾರರು, ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದರು, 2011ರಲ್ಲಿ ತೀರಿಕೊಂಡರು. ಮೂವರ ಜೀವನಚರಿತ್ರೆ ಬರೆದಿದ್ದಾರೆ: 1974ರಲ್ಲಿ ರೋಬೆಸ್ಪಿಯರ್, 1978ರಲ್ಲಿ ಡಾಂಟನ್, 1991ರಲ್ಲಿ ರೋಬೆಸ್ಪಿಯರ್‌ನ ಜೊತೆಗಾರ ಸ್ಯಾಂ-ಜ್ಯುಸ್ತ್.

ರೋಬೆಸ್ಪಿಯರ್ ಪುಸ್ತಕದಿಂದಲೇ ಶುರು ಮಾಡಿ. ಅದರ ಕಟ್ಟೋಣವೇ ಬೇರೆ. ಕಥೆ ಹೇಳುವವರ ಜೊತೆ ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಮ್ಯುನಿಸ್ಟ್ ಪಕ್ಷದ ಸದಸ್ಯ, ಒಬ್ಬ ಪಾದ್ರಿ ಕೂತು ಮಾತಾಡುತ್ತಾರೆ. ಒಬ್ಬರು ಹೌದು ಅಂದದ್ದಕ್ಕೆ ಇನ್ನೊಬ್ಬರು ಅಲ್ಲ ಅನ್ನುತ್ತಾರೆ, ಆಧಾರ ಎಲ್ಲಿ ಅಂತ ಕೇಳುತ್ತಾರೆ. ಇದನ್ನು ಆಟಕ್ಕೆ ಮಾಡಿದ್ದಲ್ಲ. ಆ ಮನುಷ್ಯನ ಬಗ್ಗೆ ಪ್ರಾಮಾಣಿಕವಾಗಿ ಬರೆಯಬೇಕು ಅಂದರೆ ಒಂದೇ ದನಿ ಸಾಲದು. ನೋಡಿ, 1791ರ ಮೇ ತಿಂಗಳಲ್ಲಿ ಮರಣದಂಡನೆಯನ್ನೇ ರದ್ದು ಮಾಡಿ ಅಂತ ಸಭೆಯಲ್ಲಿ ವಾದಿಸಿದವನು ಅವನು. ಮರುವರ್ಷ ಡಿಸೆಂಬರ್‌ನಲ್ಲಿ ರಾಜನನ್ನು ಕೊಲ್ಲಲೇಬೇಕು ಅಂದವನೂ ಅವನೇ. ಯುದ್ಧ ಬೇಡ, ಬಂದೂಕು ಹಿಡಿದು ಸ್ವಾತಂತ್ರ್ಯ ಹಂಚೋಕೆ ಹೋದರೆ ಯಾವ ಜನವೂ ಪ್ರೀತಿಸುವುದಿಲ್ಲ ಅಂತ ಎಚ್ಚರಿಸಿದವನು. ಅವನ ಬೆಂಬಲದಿಂದಲೇ 1794ರ ಜೂನ್ 10ರ ಕಾನೂನು ಬಂದು, ಆರೋಪಿಗಳಿಗೆ ವಕೀಲರೇ ಇಲ್ಲದ ಹಾಗಾಯಿತು. ಅಲ್ಲಿಂದ ಅವನು ಬೀಳುವ ತನಕ, ಏಳು ವಾರದೊಳಗೆ, ಪ್ಯಾರಿಸ್‌ನಲ್ಲಿ 1300ಕ್ಕೂ ಹೆಚ್ಚು ತಲೆ ಉರುಳಿದವು. ಹಾಗಾಗಿ ಟೇಬಲ್ಲಿನಲ್ಲಿ ಯಾರಾದರೂ 'ರೋಬೆಸ್ಪಿಯರ್ ರಾಕ್ಷಸ' ಅಂದರೆ, ಯಾವ ವರ್ಷದ ರೋಬೆಸ್ಪಿಯರ್ ಅಂತ ಕೇಳಿ. ಹುತಾತ್ಮ ಅಂದವರಿಗೂ ಅದೇ ಪ್ರಶ್ನೆ. ಹೊಸಬರು ಅಭಿಪ್ರಾಯ ಹೇಳಲೇಬೇಕು ಅಂತೇನಿಲ್ಲ, ಒಳ್ಳೆ ಪ್ರಶ್ನೆ ಕೇಳಿದರೆ ಇಲ್ಲಿಯವರು ತಕ್ಷಣ ಜಾಗ ಬಿಟ್ಟುಕೊಡುತ್ತಾರೆ.

ಸ್ಯಾಂ-ಜ್ಯುಸ್ತ್ ಓದುವಾಗ ನನಗೆ ಸಂಕಟವಾಗುತ್ತದೆ. 1792ರಲ್ಲಿ ರಾಷ್ಟ್ರೀಯ ಸಭೆಗೆ ಬಂದಾಗ 25 ವಯಸ್ಸು, ಎಲ್ಲರಿಗಿಂತ ಚಿಕ್ಕವನು. ಸತ್ತಾಗ 26. ಇನ್ನೂ ಹುಡುಗ, ಅಲ್ವಾ? ಹಾಗಂತ ಅವನಿಂದಾದ ಸಾವುಗಳು ಚಿಕ್ಕವಾಗುವುದಿಲ್ಲ.

ಡಾಂಟನ್ ಪುಸ್ತಕವನ್ನು ಕೊನೆಗೆ ಇಟ್ಟುಕೊಳ್ಳಿ. ಅವನು ಬರೆದಿಟ್ಟದ್ದು ತೀರಾ ಕಡಿಮೆ, ಭಾಷಣಗಳೂ ಪತ್ರಿಕೆಗಳ ವರದಿಯಲ್ಲೇ ಸಿಗುವುದು. ಲಂಚ ತಿಂದನೋ ಇಲ್ಲವೋ ಅನ್ನುವ ವಾದ ಇನ್ನೂ ಇದೆ. ಇಷ್ಟು ಕಡಿಮೆ ಕಾಗದ ಇಟ್ಟುಕೊಂಡು ಜೀವನಚರಿತ್ರೆ ಹೇಗೆ ಬರೆಯುತ್ತಾರೆ ಅಂತ ನೋಡೋಕಾದರೂ ಓದಬೇಕು.

ಮತ್ತೆ, ನಮ್ಮ ಕಡೆಯ ಎಳೆಯೊಂದಿದೆ, ನೀವೇ ಅದನ್ನು ಟೇಬಲ್ಲಿಗೆ ತನ್ನಿ. ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳನ್ನು 1788ರ ಆಗಸ್ಟ್‌ನಲ್ಲಿ 16ನೇ ಲೂಯಿ ವರ್ಸಾಯ್ ಅರಮನೆಯಲ್ಲಿ ಬರಮಾಡಿಕೊಂಡಿದ್ದ. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಕೇಳೋಕೆ ಹೋಗಿದ್ದರು, ಸಿಗಲಿಲ್ಲ. ಐದು ವರ್ಷವೂ ತುಂಬುವ ಮೊದಲೇ ಆ ರಾಜನ ತಲೆಯೂ ಹೋಯಿತು.

ಮೂರೂ ಹಳೆ ಪುಸ್ತಕಗಳು, ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹುಡುಕಿ. ಮೊದಲನೆಯದು ಮುಗಿದ ಮೇಲೆ ಒಂದು ಭಾನುವಾರ ಸ್ಯಾಂತ್-ಓನೊರೆ ರಸ್ತೆಗೆ ಹೋಗಿ. ಬಡಗಿ ದ್ಯುಪ್ಲೇ ಮನೆಯಲ್ಲಿ ರೋಬೆಸ್ಪಿಯರ್ ಕೊನೆಯ ಮೂರು ವರ್ಷ ಬಾಡಿಗೆಗಿದ್ದದ್ದು ಅಲ್ಲೇ, ಈಗಿನ ನಂಬರ್ 398. ಜೊತೆಗೆ ಯಾರಾದರೂ ಬೇಕು ಅನ್ನಿಸಿದರೆ ಹೇಳಿ, ಬರುತ್ತೇನೆ.