ಕಾಸರಗೋಡಿಗೆ ಕೇಂದ್ರ ಒಂದಾ, ಹಲವಾ?

ಪ್ರಶ್ನೆ: ನಾನು ಭೂಗೋಳ ಓದುತ್ತಿರುವ ವಿದ್ಯಾರ್ಥಿನಿ. ಹಲವು ಕೇಂದ್ರಗಳಿರುವ ನಗರ ಪ್ರದೇಶ ಅಂದರೇನು? ಅದನ್ನು ಅಳೆಯುವುದು ಹೇಗೆ? ನಮ್ಮ ಕಾಸರಗೋಡು ಜಿಲ್ಲೆಯನ್ನು ಹಾಗೆ ಕರೆಯಬಹುದಾ?
– ಓದುಗರು, ಕುಂಬಳೆ

ಉತ್ತರ: ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ನೆದರ್‌ಲ್ಯಾಂಡ್ಸಿನ ರಾಂಡ್‌ಸ್ಟಾಡ್ ಅನ್ನುವ ನಗರ ಪ್ರದೇಶ. ಅಲ್ಲಿ ರಾಜಧಾನಿ ಆಮ್‌ಸ್ಟರ್‌ಡ್ಯಾಮ್, ಆದರೆ ಸರಕಾರ ನಡೆಯುವುದು ಹೇಗ್‌ನಿಂದ. ದೊಡ್ಡ ಬಂದರು ಇರುವುದು ರಾಟರ್‌ಡ್ಯಾಮ್‌ನಲ್ಲಿ, ರೈಲುದಾರಿಗಳು ಕೂಡುವುದು ಉಟ್ರೆಕ್ಟ್‌ನಲ್ಲಿ. ನಡುವೆ ದನ ಮೇಯುವ ಬಯಲು. ಯಾವ ಊರೂ ಇನ್ನೊಂದನ್ನು ನುಂಗಿಲ್ಲ, ಕೆಲಸ ಹಂಚಿಕೊಂಡಿವೆ.

ಅಳೆಯಲು ಎರಡು ದಾರಿ. ಮೊದಲನೆಯದು ಗಾತ್ರ. ಊರುಗಳನ್ನು ಜನಸಂಖ್ಯೆ ನೋಡಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರೆದು, ಸಂಖ್ಯೆ ಎಷ್ಟು ಬೇಗ ಇಳಿಯುತ್ತದೆ ಅಂತ ನೋಡುತ್ತಾರೆ. ಥಟ್ಟನೆ ಇಳಿದರೆ ಒಂದೇ ಕೇಂದ್ರ. ನಿಧಾನಕ್ಕೆ ಇಳಿದರೆ ಹಲವು. ನಮ್ಮ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಕಾಞಂಗಾಡು ನಗರಸಭೆಯಲ್ಲಿ ಸುಮಾರು 73 ಸಾವಿರ, ಕಾಸರಗೋಡಿನಲ್ಲಿ 54 ಸಾವಿರ, ನೀಲೇಶ್ವರದಲ್ಲಿ 40 ಸಾವಿರ ಜನ. ಜಿಲ್ಲಾ ಕೇಂದ್ರಕ್ಕಿಂತ ಕಾಞಂಗಾಡೇ ದೊಡ್ಡದು! ಈ ಲೆಕ್ಕದಲ್ಲಿ ನಮ್ಮದು ಹಲವು ಕೇಂದ್ರಗಳ ಜಿಲ್ಲೆಯೇ. ಆದರೆ ಗೆರೆಯನ್ನು ಕರ್ನಾಟಕದ ಗಡಿಯಲ್ಲಿರುವ ತಲಪಾಡಿಯಿಂದ ಸ್ವಲ್ಪ ಆಚೆಗೆ ಎಳೆದು ನೋಡಿ. ಮಂಗಳೂರು ನಗರದಲ್ಲಿ ಆಗಲೇ ನಾಲ್ಕೂವರೆ ಲಕ್ಷಕ್ಕಿಂತ ಜಾಸ್ತಿ ಜನರಿದ್ದರು. ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ, ಅಲ್ವಾ? ಗಡಿ ಎಲ್ಲಿ ಹಾಕಿದಿರಿ ಅನ್ನುವುದರ ಮೇಲೆಯೇ ಅರ್ಧ ಉತ್ತರ ನಿಂತಿರುತ್ತದೆ.

ಎರಡನೆಯ ದಾರಿ ಓಡಾಟ. ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ? ಎಲ್ಲರೂ ಒಂದೇ ಕಡೆ ಹೋಗುತ್ತಾರಾ, ಊರು ಊರುಗಳ ನಡುವೆ ಎರಡೂ ದಿಕ್ಕಿಗೆ ಹೋಗಿಬರುತ್ತಾರಾ? ನನಗೆ ಈ ಅಳತೆಯ ಮೇಲೆಯೇ ಹೆಚ್ಚು ನಂಬಿಕೆ. ಪಾಠ ಮಾಡುತ್ತಿದ್ದಾಗ ಹತ್ತನೇ ಕ್ಲಾಸಿನ ಮಕ್ಕಳಿಂದ ಬರೆಸುತ್ತಿದ್ದೆ: ಮನೆಯ ಸಾಮಾನು ಎಲ್ಲಿಂದ, ಮದುವೆಯ ಜವಳಿ ಎಲ್ಲಿಂದ, ಅಡಿಕೆ ಮಾರುವುದೆಲ್ಲಿ, ದೊಡ್ಡ ಕಾಯಿಲೆಗೆ ಎಲ್ಲಿಗೆ? ಪೆರ್ಲದ ಕಡೆಯ ಒಬ್ಬಳು ಹುಡುಗಿಯ ಹಾಳೆ ಇನ್ನೂ ನೆನಪಿದೆ. ಸಾಮಾನಿಗೆ ಪೆರ್ಲ, ಹಲ್ಲು ನೋವಿಗೆ ಬದಿಯಡ್ಕ, ಅಡಿಕೆಗೆ ಪುತ್ತೂರು, ಕಲೆಕ್ಟರ್ ಆಫೀಸಿಗೆ ವಿದ್ಯಾನಗರ, ಅಜ್ಜನ ಆಪರೇಷನ್ನಿಗೆ ಮಂಗಳೂರು. ನಕ್ಷೆಯಲ್ಲಿ ಗುರುತು ಹಾಕಿದರೆ ಒಂದೇ ಮನೆಯಿಂದ ಐದು ಬಾಣ, ಅದರಲ್ಲಿ ಎರಡು ರಾಜ್ಯದ ಗಡಿ ದಾಟಿದವು. ನಿಮ್ಮ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ನಕ್ಷೆ ನನಗೆ ಸಿಕ್ಕಿಲ್ಲ.

ಸರಕಾರಿ ಲೆಕ್ಕದಲ್ಲಿ ಈ ಬಾಣಗಳು ಕಾಣುವುದಿಲ್ಲ. 2011ರ ಜನಗಣತಿ ಕೆಲಸದ ಜಾಗ ಮನೆಯಿಂದ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತೀರಿ ಅಂತ ಕೇಳಿತ್ತು. ಆ ಕೋಷ್ಟಕಗಳಲ್ಲಿ ದೂರ ಸಿಗುತ್ತದೆ, ಹೋದ ಊರು ಸಿಗುವುದಿಲ್ಲ. ರಾಜ್ಯದ ಗಡಿಯೂ ಅಡ್ಡ ಬರುತ್ತದೆ. ಆ ಗಣತಿಯ ದಿಲ್ಲಿ ನಗರ ಸಮೂಹದಲ್ಲಿ ಅಂಟಿಕೊಂಡೇ ಇರುವ ನೋಯ್ಡಾ, ಗುರುಗ್ರಾಮ ಸೇರಿಲ್ಲ. ಹಾಗಿರುವಾಗ ಉಪ್ಪಳ, ಮಂಜೇಶ್ವರದವರ ಮಂಗಳೂರು ಓಡಾಟ ಎಲ್ಲಿ ಲೆಕ್ಕಕ್ಕೆ ಬರಬೇಕು? 2020ರ ಮಾರ್ಚಿನಲ್ಲಿ ಕೊರೋನಾ ಅಂತ ತಲಪಾಡಿಯ ರಸ್ತೆ ಮುಚ್ಚಿದಾಗ ಆಂಬುಲೆನ್ಸ್‌ಗಳು ಗಡಿಯಲ್ಲೇ ನಿಂತವು, ವಿಷಯ ಕೋರ್ಟಿಗೂ ಹೋಯಿತು. ಜಿಲ್ಲೆಯ ಉತ್ತರ ಭಾಗ ಮಂಗಳೂರನ್ನು ಎಷ್ಟು ನೆಚ್ಚಿಕೊಂಡಿದೆ ಅಂತ ಆಗ ದೇಶಕ್ಕೆಲ್ಲ ಗೊತ್ತಾಯಿತು. ನಮಗೆ ಗೊತ್ತೇ ಇತ್ತು.

ಆದ್ದರಿಂದ ನನ್ನ ಉತ್ತರ: ಗಾತ್ರ ನೋಡಿದರೆ ಹೌದು. ಓಡಾಟ ನೋಡಿದರೆ ಉತ್ತರ ಭಾಗಕ್ಕೆ ದಿನದಿನದ ಕೆಲಸಕ್ಕೆ ಹಲವು ಪೇಟೆಗಳು, ದೊಡ್ಡ ಕೆಲಸಕ್ಕೆ ಮಂಗಳೂರು. ದಕ್ಷಿಣದ ನೀಲೇಶ್ವರದ ಕಡೆ ಹೀಗೆಯೇ ಅಂತ ಮೊದಲೇ ಅಂದುಕೊಳ್ಳಬೇಡಿ, ಅಲ್ಲಿ ಬೇರೆಯೇ ಕೇಳಿ ನೋಡಿ.

ಪ್ರಾಜೆಕ್ಟ್ ಮಾಡುವುದಾದರೆ ಬೆಳಿಗ್ಗೆ ಕುಂಬಳೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿ. ಕೆಲಸಕ್ಕೆ ಹೋಗುವವರನ್ನು ಮಾತ್ರ ಕೇಳಿದರೆ ಸಾಲದು. ಕಾಲೇಜು ಮಕ್ಕಳನ್ನೂ, ಎಕ್ಸ್‌ರೇ ಕವರ್ ಹಿಡಿದುಕೊಂಡ ಅಜ್ಜಿಯಂದಿರನ್ನೂ ಕೇಳಿ. ಪ್ರತಿ ಕಾರಣಕ್ಕೂ ಒಂದೊಂದು ಪ್ರತ್ಯೇಕ ನಕ್ಷೆ ಬರೆಯಿರಿ, ಒಟ್ಟಿಗೆ ಬೆರೆಸಬೇಡಿ.